ದುರ್ಗದಲ್ಲಿ ಮೂರು ದಿನ: ಲಿಸ್ಟ್ ಪಕ್ಕಕ್ಕಿಟ್ಟು ಬಿಸಿಲು ನೋಡ್ಕಂಡು ಪ್ಲಾನ್ ಮಾಡ್ರಿ

ಪ್ರಶ್ನೆ: ನಾವು ಮೈಸೂರಿನವರು. ಫೆಬ್ರವರಿ ಕೊನೇ ವಾರ ಚಿತ್ರದುರ್ಗದಲ್ಲಿ ನಮ್ಮ ಯಜಮಾನ್ರ ಕಡೆ ಒಂದು ಮದುವೆ ಇದೆ. ಶುಕ್ರವಾರ ಮಧ್ಯಾಹ್ನ ಕಾರಲ್ಲಿ ಬಂದು ಸೋಮವಾರ ಹೊರಡ್ತೀವಿ. ಶನಿವಾರ ರಾತ್ರಿ ರಿಸೆಪ್ಷನ್, ಭಾನುವಾರ ಬೆಳಿಗ್ಗೆ ಮುಹೂರ್ತ. ಮಧ್ಯೆ ಸಿಗೋ ಟೈಮಲ್ಲಿ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ, ಬ್ರಹ್ಮಗಿರಿ, ವಾಣಿವಿಲಾಸ ಸಾಗರ, ಹೊಳಲ್ಕೆರೆ ಗಣಪತಿ, ಶಾಂತಿಸಾಗರ, ಸಂತೇಬೆನ್ನೂರು, ಹರಿಹರ, ದಾವಣಗೆರೆ ದೋಸೆ, ಆದ್ರೆ ಹಂಪಿ ಕೂಡ ನೋಡ್ಬೇಕು ಅಂತ ಯಜಮಾನ್ರು ಲಿಸ್ಟ್ ಮಾಡಿದಾರೆ. ಜೊತೆಗೆ ಅತ್ತೆ ಇದಾರೆ, ಅವರಿಗೆ ಮಂಡಿ ನೋವು. ಮಗಳಿಗೆ ಹದಿನಾಲ್ಕು, ಮಗನಿಗೆ ಒಂಬತ್ತು. ಇದೆಲ್ಲ ಆಗುತ್ತಾ ಸರ್? ಗೈಡ್ ತಗೋಬೇಕಾ? ಅತ್ತೆಗೆ ಮೊಳಕಾಲ್ಮುರು ಸೀರೆ ತಗೋಬೇಕು ಅಂತಾನೂ ಆಸೆ.

ಉತ್ತರ: ಮೇಡಂ, ಆಗಲ್ಲ. ಯಜಮಾನ್ರಿಗೆ ಬೇಜಾರಾಗೋದು ಬೇಡ, ಆದ್ರೆ ಈ ಲಿಸ್ಟ್ ಮಾಡಿದ್ದು ಮ್ಯಾಪ್ ನೋಡಿ. ಮ್ಯಾಪಲ್ಲಿ ಎಲ್ಲಾನೂ ಹತ್ತಿರಾನೇ ಕಾಣುತ್ತೆ. ದುರ್ಗ ಸುತ್ತೋಕೆ ಕಿಲೋಮೀಟರ್ ಲೆಕ್ಕ ಹಾಕಿದ್ರೆ ಪ್ರಯೋಜನ ಇಲ್ಲ, ಇಲ್ಲಿ ಲೆಕ್ಕ ಹಾಕ್ಬೇಕಾದ್ದು ಗಂಟೆ. ಫೆಬ್ರವರಿ ಕೊನೇ ವಾರ ಅಂದ್ರೆ ಶಿವರಾತ್ರಿ ಆಸುಪಾಸು, ಚಳಿ ಶಿವ ಶಿವ ಅಂತ ಹೋಗಾಯ್ತು ಅಂತ ಅರ್ಥ, ಹನ್ನೊಂದು ಗಂಟೆ ಆದ್ಮೇಲೆ ಇಲ್ಲಿನ ಬಂಡೆ ಕಾಯೋಕೆ ಶುರು ಆದ್ರೆ ಸಂಜೆ ನಾಲ್ಕರ ತನಕ ಮೇಲಿಂದ ಬಿಸಿಲು ಕೆಳಗಿಂದ ಕಲ್ಲಿನ ಝಳ, ಎರಡೂ ಸೇರಿ ದೊಡ್ಡೋರೇ ಸುಸ್ತಾಗ್ತಾರೆ, ಮಕ್ಕಳು ವಯಸ್ಸಾದೋರ ಕಥೆ ಕೇಳೋದೇ ಬೇಡ. ಅಂದ್ರೆ ನಿಮಗೆ ದಿನಕ್ಕೆ ಸಿಗೋದು ಎರಡೇ ತುಂಡು ಹೊತ್ತು, ಬೆಳಿಗ್ಗೆ ಆರೂವರೆಯಿಂದ ಹತ್ತೂವರೆ, ಸಂಜೆ ನಾಲ್ಕರಿಂದ ಆರು. ಅದರಲ್ಲಿ ಮದುವೆ ಮನೆಯೋರು ಒಂದೆರಡು ತುಂಡು ಕಿತ್ಕಂತಾರೆ. ಉಳಿಯೋದು ನಾಲ್ಕು. ಆ ನಾಲ್ಕಕ್ಕೆ ಏನೇನು ತುಂಬಬೇಕು ಅಂತ ನೋಡಾಣ.

ಮೊದಲು ಹೊಡೆದು ಹಾಕೋದು ಹಾಕ್ಬಿಡಾಣ. ಹಂಪಿ ಇಲ್ಲಿಂದ ನೂರ ನಲವತ್ತು ಕಿಲೋಮೀಟರ್ ಹತ್ರ ಹತ್ರ, ಹೋಗಕ್ಕೆ ಮೂರು ಗಂಟೆ ಬರಕ್ಕೆ ಮೂರು ಗಂಟೆ, ಅಲ್ಲಿ ಹೋಗಿ ವಿರೂಪಾಕ್ಷನಿಗೆ ಕೈ ಮುಗಿದು ಕಲ್ಲಿನ ರಥದ ಮುಂದೆ ಫೋಟೋ ತೆಗೆಸ್ಕಂಡು ವಾಪಸ್ ಬರೋದಾದ್ರೆ ಹಂಪಿಗೂ ಅವಮಾನ ನಿಮಗೂ ಸುಸ್ತು. ಅದಕ್ಕೆ ಬೇರೆ ರಜಾ ಹಾಕಿ ಹೋಗ್ರಿ. ಬ್ರಹ್ಮಗಿರಿ ಬಿಡ್ರಿ ಅಂತ ಹೇಳಕ್ಕೆ ನನಗೇ ಸಂಕಟ ಆಗುತ್ತೆ, ಯಾಕಂದ್ರೆ ಅಶೋಕನ ಶಾಸನ ಇರೋ ಜಾಗ ಅದು, ಮೊಳಕಾಲ್ಮುರು ತಾಲೂಕು, ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಅಂತ ಹತ್ತತ್ರಾನೇ ಮೂರು ಕಡೆ ಶಾಸನ ಐತೆ, ಬಿ.ಎಲ್. ರೈಸ್ 1892ರಲ್ಲಿ ಹುಡುಕಿದ್ದು, ಅದರಲ್ಲಿ ಈ ಊರಿಗೆ ಇಸಿಲ ಅಂತ ಹೆಸರು ಬರುತ್ತೆ. ಆದ್ರೆ ಬಳ್ಳಾರಿ ಕಡೆ ದಾರಿ, ಅರ್ಧ ದಿನ ಪೂರ್ತಿ ಅದಕ್ಕೇ ಹೋಗುತ್ತೆ, ಮತ್ತೆ ಕಲ್ಲಿನ ಮೇಲಿನ ಬ್ರಾಹ್ಮಿ ಅಕ್ಷರ ನೋಡಿ ನಿಮ್ಮ ಒಂಬತ್ತು ವರ್ಷದ ಮಗ ಇದಕ್ಕಾ ಇಷ್ಟು ದೂರ ಬಂದಿದ್ದು ಅಂದ್ರೆ ನಿಮ್ಮ ಹತ್ರ ಉತ್ತರ ಇರಲ್ಲ. ಶಾಂತಿಸಾಗರ ಅಂದ್ರೆ ನಮ್ಮ ಸೂಳೆಕೆರೆ, ಸಂತೇಬೆನ್ನೂರು ಪುಷ್ಕರಣಿ, ಎರಡೂ ಚನ್ನಗಿರಿ ತಾಲೂಕು, ಅದೊಂದು ಬೇರೆ ದಿಕ್ಕು. ಎರಡನ್ನೂ ಒಟ್ಟಿಗೆ ಇಟ್ಕಂಡು ಇನ್ನೊಂದು ಸಲ ಬನ್ರಿ, ಆ ಪುಷ್ಕರಣಿ ನಡುವೆ ಇರೋ ವಸಂತ ಮಂಟಪ ಅರ್ಜೆಂಟಲ್ಲಿ ನೋಡೋ ಅಂಥದ್ದಲ್ಲ. ಹೊಳಲ್ಕೆರೆ ಬಯಲು ಗಣಪತಿ ಹತ್ತಿರಾನೇ ಐತೆ, ಅತ್ತೆಗೆ ಹರಕೆ ಗಿರಕೆ ಇದ್ರೆ ಹೋಗ್ರಿ, ಇಲ್ಲಾಂದ್ರೆ ಈ ಸಲ ಬೇಡ.

ಜೋಗಿಮಟ್ಟಿ ಬಗ್ಗೆ ಎಲ್ಲರೂ ಕೇಳ್ತಾರೆ. ಊರಿಂದ ಹತ್ತು ಕಿಲೋಮೀಟರ್ ಸುಮಾರು, ಮೇಲೆ ನಿಂತ್ರೆ ಗಾಳಿ ತಳ್ಕಂಡು ಹೋಗೋ ಥರ ಇರುತ್ತೆ, ಸುತ್ತ ಗುಡ್ಡದ ಸಾಲು, ಮಳೆಗಾಲದಲ್ಲಿ ಮೋಡ ಮೈಮೇಲೇ ಬರುತ್ತೆ. ಆದ್ರೆ ನೀವು ಬರ್ತಿರೋದು ಮಳೆಗಾಲದಲ್ಲಿ ಅಲ್ಲ. ಫೆಬ್ರವರಿ ಮಾರ್ಚಲ್ಲಿ ಹುಲ್ಲೆಲ್ಲ ಒಣಗಿ ನಿಂತಿರುತ್ತೆ, ಕಾಡಿಗೆ ಬೆಂಕಿ ಬೀಳೋ ಕಾಲ ಅದು, ಫಾರೆಸ್ಟ್‌ನೋರು ಒಳಗೆ ಬಿಡ್ತಾರೋ ಇಲ್ಲೋ ಅವತ್ತಿನ ಪರಿಸ್ಥಿತಿ. ಒಂದು ಬೆಳಗಿನ ಹೊತ್ತನ್ನ ಅದಕ್ಕೆ ಕೊಡೋದಾ ಕೋಟೆಗೆ ಕೊಡೋದಾ ಅಂದ್ರೆ ನಾನು ಯೋಚನೆ ಕೂಡ ಮಾಡಲ್ಲ. ಜುಲೈ ಆಗಸ್ಟಲ್ಲಿ ಬಂದ್ರೆ ಮೊದಲು ಜೋಗಿಮಟ್ಟಿಗೇ ಹೋಗ್ರಿ, ಈಗ ಬಿಟ್ಬಿಡ್ರಿ.

ಈಗ ಶುಕ್ರವಾರ. ಮೈಸೂರಿಂದ ಕಾರಲ್ಲಿ ಕೂತು ಬಂದಿರ್ತೀರಿ, ಊಟ ಮಾಡಿ ಒಂದು ಗಂಟೆ ಮಲಗ್ರಿ. ನಾಲ್ಕಕ್ಕೆ ಎದ್ದು ಚಂದ್ರವಳ್ಳಿಗೆ ಹೋಗ್ರಿ. ಊರಿಂದ ಎರಡು ಮೂರು ಕಿಲೋಮೀಟರ್ ಅಷ್ಟೇ, ಗುಡ್ಡಗಳ ಮಧ್ಯೆ ಕೆರೆ, ಅತ್ತೆಯವರು ಜಾಸ್ತಿ ನಡೀದೇ ಕೆರೆ ನೋಡ್ಕಂಡು ಕೂತ್ಕಬಹುದು, ನೆರಳು ಐತೆ ಗಾಳಿ ಐತೆ. ಜನ ಇದನ್ನ ಪಾರ್ಕ್ ಅನ್ಕಂಡು ಬಂದು ಕಡ್ಲೆಕಾಯಿ ತಿಂದು ಹೋಗ್ತಾರೆ, ಆದ್ರೆ ದುರ್ಗಕ್ಕೆ ನಾಯಕರು ಬರೋಕ್ಕಿಂತ ಸಾವಿರ ವರ್ಷಕ್ಕೂ ಮುಂಚೆ ಇಲ್ಲಿ ಊರಿತ್ತು. ಇಲ್ಲಿ ಅಗೆದಾಗ ಶಾತವಾಹನರ ನಾಣ್ಯ ಸಿಕ್ತು, ರೋಮನ್ನರ ಬೆಳ್ಳಿ ನಾಣ್ಯಾನೂ ಸಿಕ್ತು, ಮೈಸೂರಿನ ಎಂ.ಎಚ್. ಕೃಷ್ಣ ಅವರು ಅಗೆಸಿದ್ರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಇಲ್ಲೂ ಬ್ರಹ್ಮಗಿರೀಲೂ ಅಗೆಸಿದ. ಅಲ್ಲಿ ಭೈರವೇಶ್ವರ ಗುಡಿ ಹತ್ರ ಒಂದು ಬಂಡೆ ಮೇಲೆ ಕದಂಬರ ಮಯೂರಶರ್ಮನ ಶಾಸನ ಐತೆ, ಪ್ರಾಕೃತ ಭಾಷೆ ಬ್ರಾಹ್ಮಿ ಲಿಪಿ. ಬನವಾಸಿಯ ಅಷ್ಟು ದೊಡ್ಡ ರಾಜ ಇಲ್ಲಿ ಬಂಡೆ ಮೇಲೆ ಬರೆಸಿದ್ದು ಏನು ಗೊತ್ತಾ, ಕೆರೆ ವಿಚಾರ! ಇಂಥಿಂಥೋರನ್ನ ಗೆದ್ದವನು ನಾನು, ಈ ಕೆರೆ ಕೆಲಸ ಮಾಡಿಸಿದ್ದು ನಾನು ಅಂತ. ಮಗಳು ಹೈಸ್ಕೂಲಲ್ಲಿ ಕದಂಬರ ಪಾಠ ಓದಿರ್ತಾಳಲ್ಲ, ಅವಳಿಗೆ ತೋರಿಸ್ರಿ. ಈ ಕೆರೆ ವಿಚಾರ ಸ್ವಲ್ಪ ತಲೇಲಿಟ್ಕಳ್ರಿ, ನಾಳೆ ಕೋಟೆಯಲ್ಲಿ ಬೇಕಾಗುತ್ತೆ.

ಅಂಕಲಿ ಮಠದ ಗುಹೆ ಅಲ್ಲೇ ಇರೋದು. ನೆಲದ ಕೆಳಗೆ ಕೋಣೆ ಕೋಣೆ ದಾಟ್ಕಂಡು ಇಳೀಬೇಕು, ಒಳಗೆ ಕಗ್ಗತ್ತಲು, ಕೆಲವು ಕಡೆ ಬಗ್ಗಿಕಂಡೇ ಹೋಗ್ಬೇಕು. ಮಗ ಖುಷಿಯಿಂದ ಕುಣೀತಾನೆ. ಆದ್ರೆ ಜಾಗ ಗೊತ್ತಿರೋರು ಜೊತೆಗಿಲ್ಲದೆ ಇಳೀಬೇಡ್ರಿ, ಮೊಬೈಲ್ ಬೆಳಕು ನಂಬ್ಕಬೇಡ್ರಿ, ಒಂದು ಸರಿಯಾದ ಟಾರ್ಚ್ ತನ್ನಿ. ಇಕ್ಕಟ್ಟು ಜಾಗದಲ್ಲಿ ಉಸಿರು ಕಟ್ಟಿದಂಗೆ ಆಗೋರು ಹೊರಗೇ ಇರ್ರಿ, ಅತ್ತೆಯವರಂತೂ ಬೇಡವೇ ಬೇಡ. ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀನಿ, ಕೆರೆಗೆ ಇಳೀಬೇಡ್ರಿ, ಕಾಲು ತೊಳ್ಕಂತೀನಿ ಅಂತಾನೂ ಮಕ್ಕಳನ್ನ ಬಿಡಬೇಡ್ರಿ, ನೋಡೋಕೆ ಶಾಂತವಾಗಿರುತ್ತೆ ಅಂತ ಮೋಸ ಹೋಗೋದು ಬೇಡ.

ರಾತ್ರಿ ಊಟಕ್ಕೆ ಮುಂಚೆ ಊರೊಳಗೆ ಒಂದು ಸುತ್ತು ಹೊಡೀರಿ. ಗಾಡಿಗಳ ಹತ್ರ ಮಂಡಕ್ಕಿ ಮೆಣಸಿನಕಾಯಿ ಸಿಗುತ್ತೆ, ಮೈಸೂರಿನೋರು ಚುರುಮುರಿ ಅಂತ ತಿನ್ನೋದಕ್ಕೂ ನಮ್ಮ ಮಂಡಕ್ಕಿಗೂ ಸಂಬಂಧ ಇಲ್ಲ, ಬಿಸಿ ಮಿರ್ಚಿ ಕಡ್ಕಂಡು ಬಾಯಿಗೆ ಒಂದು ಹಿಡಿ ಮಂಡಕ್ಕಿ ಹಾಕ್ಕಬೇಕು, ಅದು ಕ್ರಮ. ಮಗನಿಗೆ ಮಾತ್ರ ಖಾರ ಕಡಿಮೆ ಹಾಕ್ಸಿ.

ಶನಿವಾರ ಬೆಳಿಗ್ಗೆ ಕೋಟೆ. ಇದೊಂದು ಸರಿಯಾಗಿ ಆದ್ರೆ ಉಳಿದಿದ್ದು ಏನಾದ್ರೂ ಆಗ್ಲಿ. ಬೆಳಿಗ್ಗೆ ತಿಂಡಿ ತಿಂದ್ಕಂಡು ಹೋಗಾಣ ಅಂದ್ರೆ ಒಂಬತ್ತೂವರೆ ಆಗುತ್ತೆ, ಮುಗೀತು ಕಥೆ. ಕಾಫಿ ಕುಡಿದು ಹೊರಟುಬಿಡ್ರಿ, ಇಡ್ಲಿ ಕಟ್ಟಿಸ್ಕಂಡು ಹೋಗ್ರಿ ಬೇಕಾದ್ರೆ, ಆದ್ರೆ ಕೋತಿ ಎದುರಿಗೆ ಪೊಟ್ಟಣ ಬಿಚ್ಚಬೇಡ್ರಿ, ಪ್ಲಾಸ್ಟಿಕ್ ಕವರ್ ಸದ್ದು ಕೇಳಿದ್ರೆ ಸಾಕು ಎಲ್ಲಿದ್ರೂ ಬಂದ್ಬಿಡ್ತಾವೆ. ತಲೆಗೆ ಒಬ್ಬರಿಗೆ ಒಂದೊಂದು ಲೀಟರ್ ನೀರು ಹಿಡ್ಕಳ್ರಿ, ಮೇಲೆ ಅಂಗಡಿ ಐತೆ ಅನ್ನೋ ನಂಬಿಕೆ ಮೇಲೆ ಹೋಗಬೇಡ್ರಿ. ಚಪ್ಪಲಿ ಬೇಡ, ಹಿಡಿತ ಇರೋ ಶೂ ಹಾಕ್ಕಳ್ರಿ, ಅಷ್ಟು ವರ್ಷ ಜನ ಓಡಾಡಿ ಬಂಡೆ ನುಣ್ಣಗಾಗೈತೆ. ಟಿಕೆಟ್ ಕೇಂದ್ರ ಪುರಾತತ್ವ ಇಲಾಖೆಯದು, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಫ್ರೀ, ನಿಮ್ಮ ಇಬ್ಬರು ಮಕ್ಕಳಿಗೂ ಟಿಕೆಟ್ ಬೇಕಾಗಲ್ಲ.

ಅತ್ತೆಯವರ ವಿಚಾರ. ಮೊದಲ ಬಾಗಿಲುಗಳು ದಾಟಿ ಮದ್ದು ಬೀಸೋ ಕಲ್ಲಿನ ತನಕ ನಿಧಾನಕ್ಕೆ ಬರಬಹುದು, ಏರು ಐತೆ ಆದ್ರೆ ಮಂಡಿ ಮಡಚಿ ಹತ್ತೋದು ಕಡಿಮೆ. ಅಲ್ಲಿಂದ ಮುಂದೆ ಬೇಡ. ನೀವಿಬ್ಬರೂ ಮೇಲೆ ಹೋಗೋದಾದ್ರೆ ಅವರನ್ನ ಅಲ್ಲೇ ಕಲ್ಲಿನ ಮೇಲೆ ಎರಡು ಗಂಟೆ ಒಂಟಿಯಾಗಿ ಕೂರಿಸಿ ಹೋಗೋದು ನನಗೆ ಸರಿ ಕಾಣಲ್ಲ. ಮದುವೆ ಮನೆಯೋರು ಯಾರಾದ್ರೂ ಜೊತೆಗಿದ್ರೆ ಬೆಳಿಗ್ಗೆ ಅವರನ್ನ ಊರೊಳಗಿನ ಉಚ್ಚಂಗಿ ಯಲ್ಲಮ್ಮನ ಗುಡಿಗೆ ಕರ್ಕಂಡು ಹೋಗಕ್ಕೆ ಹೇಳ್ರಿ, ಅವರಿಗೂ ಸಮಾಧಾನ, ನಿಮಗೂ ಗಡಿಬಿಡಿ ಇಲ್ಲ. ಅವರಿಗೆ ಅಂತಾನೇ ಭಾನುವಾರ ಇಟ್ಟೀನಿ, ಹೇಳ್ತೀನಿ.

ಕೋಟೆ ಒಳಗೆ ಬಂದೋರಲ್ಲಿ ಹತ್ತಕ್ಕೆ ಒಂಬತ್ತು ಜನ ಕೇಳೋದು ಒಂದೇ, ಓಬವ್ವನ ಕಿಂಡಿ ಎಲ್ಲಿ. ಓಡ್ತಾರೆ, ಸೆಲ್ಫಿ ತಗಂತಾರೆ, ಇಷ್ಟೇನಾ ಅಂತಾರೆ, ಇಳೀತಾರೆ. ಇಷ್ಟೇನಾ ಅನ್ಸೋದು ಯಾಕಂದ್ರೆ ಕಿಂಡಿ ಚಿಕ್ಕದೇ, ಚಿಕ್ಕದಾಗಿದ್ದಕ್ಕೇ ಅಲ್ವಾ ಒಬ್ಬೊಬ್ಬರೇ ತೂರ್ಕಂಡು ಬರಬೇಕಾಗಿದ್ದು, ಅದಕ್ಕೇ ಅಲ್ವಾ ಒಬ್ಬ ಹೆಣ್ಮಗಳು ಒನಕೆ ಹಿಡ್ಕಂಡು ನಿಂತು ಅಷ್ಟು ಜನರನ್ನ ಕೆಡವಿದ್ದು. ಅದಕ್ಕೆ ನಾನು ಕರ್ಕಂಡು ಹೋಗೋರಿಗೆ ಕಿಂಡಿ ಕೊನೆಗೆ ತೋರಿಸೋದು. ಮೊದಲು ನೀರು ತೋರಿಸ್ತೀನಿ.

ಹಂಗಂದ್ರೆ, ಕೋಟೆ ಅಂದ ತಕ್ಷಣ ನಮಗೆ ಕಾಣೋದು ಗೋಡೆ. ಏಳು ಸುತ್ತಿನ ಕೋಟೆ, ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ ದೊಡ್ಡ ದೊಡ್ಡ ಕಲ್ಲು, ಸೊಟ್ಟಪಟ್ಟ ತಿರುಗೋ ಬಾಗಿಲುಗಳು, ಆನೆ ಓಡ್ಕಂಡು ಬಂದು ಗುದ್ದಕ್ಕೆ ಜಾಗಾನೇ ಸಿಗದಂಗೆ. ಎಲ್ಲ ನಿಜ. ಆದ್ರೆ ಗೋಡೆ ಎಷ್ಟು ಗಟ್ಟಿ ಇದ್ರೂ ಒಳಗೆ ನೀರಿಲ್ಲ ಅಂದ್ರೆ ಮುತ್ತಿಗೆ ಹಾಕಿದೋರು ಹೊರಗೆ ಡೇರೆ ಹಾಕ್ಕಂಡು ಸುಮ್ನೆ ಕೂತ್ಕಂಡ್ರೂ ಸಾಕು. ಇದು ಬರದ ನಾಡು, ಮಳೆ ಲೆಕ್ಕಕ್ಕೆ ಸಿಗೋದೇ ಕಡಿಮೆ, ಇಲ್ಲಿ ಗುಡ್ಡದ ಮೇಲೆ ಒಂದು ಸೈನ್ಯ, ಅರಮನೆ, ಕುದುರೆ ಆನೆ, ಸಾವಿರಾರು ಜನ ಹೆಂಗೆ ಇದ್ರು? ಬಂಡೆ ಮೇಲೆ ಬಿದ್ದ ಮಳೆ ಒಂದು ಹನಿ ವೇಸ್ಟ್ ಆಗದಂಗೆ ಮೇಲೆ ಗೋಪಾಲಸ್ವಾಮಿ ಹೊಂಡ, ಅದು ತುಂಬಿದ್ರೆ ಅಕ್ಕ ತಂಗಿ ಹೊಂಡ, ಅಲ್ಲಿಂದ ಕೆಳಕ್ಕೆ ಸಿಹಿನೀರು ಹೊಂಡ, ಆಮೇಲೆ ಊರೊಳಗೆ ಸಂತೆ ಹೊಂಡ, ಹಿಂಗೆ ಒಂದರ ಕೋಡಿ ಇನ್ನೊಂದಕ್ಕೆ. ಗುಡ್ಡದ ಇಳಿಜಾರನ್ನೇ ಪೈಪ್ ಥರ ಬಳಸ್ಕಂಡಿದಾರೆ. ನೀವು ಹತ್ತೋವಾಗ ಹೊಂಡದ ಒಂದು ಬದಿ ಯಾಕೆ ಕಟ್ಟಿದಾರೆ ಇನ್ನೊಂದು ಬದಿ ಯಾಕೆ ಬಂಡೆ ಬಿಟ್ಟಿದಾರೆ ಅಂತ ನೋಡ್ಕಂತ ಹೋಗ್ರಿ, ಮಗಳಿಗೆ ಕೇಳ್ರಿ ನೀರು ಎಲ್ಲಿಂದ ಬರುತ್ತೆ ಎಲ್ಲಿಗೆ ಹೋಗುತ್ತೆ ಹೇಳು ಅಂತ. ಮಕ್ಕಳಿಗೆ ಇಸವಿ ಹೇಳಿದ್ರೆ ಆಕಳಿಸ್ತಾರೆ, ಇಂಥದ್ದು ಕೇಳಿದ್ರೆ ಓಡ್ತಾರೆ.

ಈಗ ಕಿಂಡಿಗೆ ಬನ್ರಿ. ಅದರ ಹತ್ರಾನೇ ತಣ್ಣೀರು ದೋಣಿ ಅಂತ ಒಂದು ಚಿಕ್ಕ ನೀರಿನ ತಾಣ ಐತೆ. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದ, ಓಬವ್ವ ಕೊಡ ತಗಂಡು ನೀರಿಗೆ ಬಂದ್ಳು, ಆಗ ಕಿಂಡಿಯಿಂದ ಹೈದರಾಲಿ ಕಡೆಯೋರು ತಲೆ ಹಾಕಿದ್ದು ಕಂಡ್ಳು ಅಂತ ತಾನೇ ಕಥೆ ಹೇಳೋದು. ಅವಳು ಅಲ್ಲಿಗೆ ಬಂದಿದ್ದೇ ನೀರಿಗೆ. ಸಿನಿಮಾದಲ್ಲಿ ಒನಕೆ ನೆನಪಿರುತ್ತೆ, ಕೊಡ ಮರೆತೋಗಿರುತ್ತೆ. ಮೇಲೆ ಹೊಂಡಗಳನ್ನೆಲ್ಲ ನೋಡ್ಕಂಡು ಬಂದು ಇಲ್ಲಿ ನಿಂತ್ರೆ ಇಷ್ಟೇನಾ ಅಂತ ಯಾರೂ ಅನ್ನಲ್ಲ, ನಾನು ಗ್ಯಾರಂಟಿ ಕೊಡ್ತೀನಿ.

ಮಿಕ್ಕಿದ್ದು ದಾರೀಲಿ ಬರುತ್ತೆ. ಮದ್ದು ಬೀಸೋ ಕಲ್ಲು ಬಿಡಬೇಡ್ರಿ, ತಗ್ಗಲ್ಲಿ ದೊಡ್ಡ ದೊಡ್ಡ ಬೀಸೋ ಕಲ್ಲು, ತೋಪಿನ ಮದ್ದು ಅರೀತಿದ್ದ ಜಾಗ, ಮಗನಿಗೆ ಇಷ್ಟ ಆಗುತ್ತೆ. ಏಕನಾಥೇಶ್ವರಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ ಗುಡಿಗಳು, ದೀಪದ ಕಂಬ, ಉಯ್ಯಾಲೆ ಕಂಬ. ಭೀಮ ಹಿಡಿಂಬನ್ನ ಕೊಂದಿದ್ದು ಇಲ್ಲೇ ಅಂತ ನಮ್ಮೋರು ಹೇಳ್ತಾರೆ, ಹಂಗೆ ಹೇಳೋ ಊರು ದೇಶದಲ್ಲಿ ಇನ್ನೂ ಸುಮಾರು ಐತೆ, ನಾನು ಜಗಳಕ್ಕೆ ಹೋಗಲ್ಲ. ಅರಮನೆ ಬಯಲಿನ ಹತ್ರ ಮಣ್ಣಿನ ಗೋಡೆಗಳು ಐತೆ ನೋಡ್ರಿ, ಬರೀ ಮಣ್ಣು, ಅಷ್ಟು ಎತ್ತರ, ಇಷ್ಟು ವರ್ಷ ಮಳೆ ಗಾಳಿಗೆ ಹಂಗೇ ನಿಂತೈತೆ. ಕಲ್ಲಿನ ಕೋಟೆ ನೋಡಕ್ಕೆ ಬಂದೋರು ಇದರ ಪಕ್ಕದಲ್ಲೇ ಹಾದು ಹೋಗ್ತಾರೆ, ಒಬ್ಬರೂ ತಿರುಗಿ ನೋಡಲ್ಲ. ತುಪ್ಪದ ಕೊಳದ ಬತ್ತೇರಿ ಅಂತ ತೀರಾ ಮೇಲೆ ಒಂದು ಬಂಡೆ, ಅದಕ್ಕೆ ಕಾಲಿಡಕ್ಕೆ ಕೊರೆದ ಗುಳಿ ಬಿಟ್ರೆ ಹಿಡ್ಕಳಕ್ಕೆ ಏನೂ ಇಲ್ಲ. ಯಜಮಾನ್ರಿಗೆ ಉತ್ಸಾಹ ಬರುತ್ತೆ, ಬರಲಿ, ಮಗನ್ನ ಮಾತ್ರ ಹತ್ತಿಸಬೇಡ್ರಿ. ಹತ್ತೋದು ಸಲೀಸು ಇಳಿಯೋವಾಗ ಕೈಕಾಲು ನಡುಗುತ್ತೆ.

ಒಂದು ವಿಷಯ ನೀವು ಮೈಸೂರು ಕಡೆಯೋರು ಅಂತ ಹೇಳ್ತೀನಿ. 1779ರಲ್ಲಿ ಹೈದರಾಲಿ ಕೈಗೆ ಕೋಟೆ ಹೋಯ್ತಲ್ಲ, ಕೊನೇ ಮದಕರಿ ನಾಯಕನ್ನ ಸೆರೆ ಹಿಡಿದು ಕರ್ಕಂಡು ಹೋಗಿದ್ದು ನಿಮ್ಮೂರ ಪಕ್ಕದ ಶ್ರೀರಂಗಪಟ್ಟಣಕ್ಕೇ, ಇಲ್ಲಿನ ಸಾವಿರಾರು ಜನರನ್ನೂ ಅಲ್ಲಿಗೆ ಸಾಗಿಸಿದ್ರು. ನೀವು ವಾರಕ್ಕೊಂದ್ಸಲ ಹಾದು ಹೋಗೋ ಊರು. ದುರ್ಗದೋರು ಶ್ರೀರಂಗಪಟ್ಟಣಕ್ಕೆ ಹೋದಾಗ ನೋಡೋ ನೋಟಾನೇ ಬೇರೆ ಇರುತ್ತೆ ಮೇಡಂ, ಅದನ್ನ ಹೆಚ್ಚು ಬೆಳೆಸೋದು ಬೇಡ.

ಗೈಡ್ ಕೇಳಿದ್ರಿ. ತಗಳ್ರಿ. ನಾನೂ ಅದೇ ಕಸುಬಿನೋನು ಅಂತ ಹೇಳ್ತಿಲ್ಲ, ಈ ಕೋಟೇಲಿ ಬೋರ್ಡ್ ನಂಬ್ಕಂಡು ಹೋದ್ರೆ ಅರ್ಧ ಜಾಗ ತಪ್ಪಿ ಹೋಗುತ್ತೆ, ದಾರಿ ಕವಲು ಜಾಸ್ತಿ. ಗೇಟ್ ಹತ್ರಾನೇ ಸಿಗ್ತಾರೆ, ಇಲಾಖೆ ಗುರುತಿನ ಚೀಟಿ ಇರೋರನ್ನ ಕೇಳ್ರಿ, ಹತ್ತೋಕೆ ಮುಂಚೇನೇ ಎಷ್ಟು ಹೊತ್ತು, ಎಲ್ಲಿ ತನಕ, ಎಷ್ಟು ದುಡ್ಡು ಅಂತ ಮಾತಾಡ್ಕಳ್ರಿ, ಆಮೇಲೆ ಇಳಿದು ಬಂದು ಚೌಕಾಸಿ ಮಾಡಿದ್ರೆ ಇಬ್ಬರಿಗೂ ಮುಜುಗರ. ಮತ್ತೆ ಅವರಿಗೆ ಮೊದಲೇ ಹೇಳ್ಬಿಡ್ರಿ, ನಮಗೆ ಹೊಂಡ ಎಲ್ಲ ತೋರಿಸಿ ಕಿಂಡಿ ಕೊನೆಗೆ ಅಂತ. ಕೆಲವರು ಒಂದು ಗಂಟೇಲಿ ಕಿಂಡಿ ಮುಟ್ಟಿಸಿ ಇನ್ನೊಂದು ಪಾರ್ಟಿ ಹಿಡಿಯೋ ಅವಸರದಲ್ಲಿ ಇರ್ತಾರೆ, ಭಾನುವಾರ ರಜಾ ದಿನ ಅಂದ್ರೆ ಇನ್ನೂ ಜಾಸ್ತಿ. ಕತೆ ಹೇಳೋರಲ್ಲಿ ಎಲ್ಲಾನೂ ಇತಿಹಾಸ ಅಂತ ತಗಬೇಡ್ರಿ, ಅಕ್ಕ ತಂಗಿ ಹೊಂಡಕ್ಕೆ ನಾಯಕನ ಹೆಂಡ್ತಿಯರು ಬಿದ್ರು ಅನ್ನೋದು ಜನರ ಬಾಯಲ್ಲಿ ಬಂದಿದ್ದು, ಅದಕ್ಕೂ ಒಂದು ಬೆಲೆ ಐತೆ, ಆದ್ರೆ ಶಾಸನ ಬೇರೆ, ಜನರ ಬಾಯಿ ಮಾತು ಬೇರೆ.

ಹತ್ತೂವರೆ ಹನ್ನೊಂದಕ್ಕೆ ಇಳಿದುಬಿಡ್ರಿ. ಹೊಟ್ಟೆ ತುಂಬ ತಿಂದು, ಮಲಗಿ, ಸಂಜೆ ರಿಸೆಪ್ಷನ್‌ಗೆ ಹೋಗ್ರಿ. ಆವತ್ತು ಮಧ್ಯಾಹ್ನ ಸುಮ್ನೆ ಕೂರಕ್ಕಾಗಲ್ಲ ಅಂದ್ರೆ ರಂಗಯ್ಯನ ಬಾಗಿಲಲ್ಲಿ ಸರ್ಕಾರಿ ಮ್ಯೂಸಿಯಂ ಐತೆ, ನೆರಳಲ್ಲಿ ನೋಡಬಹುದು, ವಾರದ ರಜೆ ಎರಡನೇ ಶನಿವಾರ ಅಂತ ಏನಾದ್ರೂ ಇರುತ್ತೆ, ಹೋಟ್ಲಲ್ಲಿ ಕೇಳ್ಕಂಡು ಹೋಗ್ರಿ. ಆ ಬಾಗಿಲೂ ಹಳೇ ಕೋಟೆ ಬಾಗಿಲೇ, ಊರೊಳಗೆ ಸಿಕ್ಕಾಕ್ಕಂಡು ಈಗ ಅದರ ಕೆಳಗೆ ಆಟೋ ಬೈಕು ಓಡಾಡ್ತಾವೆ.

ಭಾನುವಾರ ಮುಹೂರ್ತ, ಊಟ. ಮದುವೆ ಊಟದ ಹೋಳಿಗೆ ತುಪ್ಪ ಆದ್ಮೇಲೆ ಗುಡ್ಡ ಹತ್ತೋ ಮಾತು ಯಾರೂ ಆಡಬಾರದು. ಮೂರು ಗಂಟೆಗೆ ಕಾರ್ ಹತ್ತಿ ಹರಿಹರಕ್ಕೆ ಹೊರಡ್ರಿ, ಹೈವೇಲಿ ದಾವಣಗೆರೆ ಒಂದು ಗಂಟೆ, ಅಲ್ಲಿಂದ ಹರಿಹರ ಹದಿನಾಲ್ಕು ಹದಿನೈದು ಕಿಲೋಮೀಟರ್. ಇದು ಅತ್ತೆಯವರ ದಿನ. ಹರಿಹರೇಶ್ವರ ಗುಡಿ ನೆಲಮಟ್ಟದಲ್ಲೇ ಐತೆ, ಹತ್ತೋದು ಇಳಿಯೋದು ಇಲ್ಲ. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ್ದು. ಒಳಗೆ ಮೂರ್ತಿ ಒಂದೇ, ಅರ್ಧ ಶಿವ ಅರ್ಧ ವಿಷ್ಣು. ನಿಮ್ಮ ಮೈಸೂರು ಕಡೆ ಸೋಮನಾಥಪುರ ನೋಡಿ ಬಂದಿರೋರಿಗೆ ಹೊಯ್ಸಳ ಗುಡಿ ಅಂದ್ರೆ ಇಂಚು ಇಂಚಿಗೂ ಗೊಂಬೆ ಇರಬೇಕು ಅನ್ಸುತ್ತೆ, ಇಲ್ಲಿ ಹೊರಗಡೆ ಅಷ್ಟಿಲ್ಲ, ಬೇಜಾರು ಮಾಡ್ಕಬೇಡ್ರಿ, ಮಂಟಪದಲ್ಲಿ ಕೂತು ಕಂಬಗಳನ್ನ ನೋಡ್ರಿ, ಕಡೆದ ಕಂಬದ ಮೈ ಕನ್ನಡಿ ಥರ. ಮಧ್ಯಾಹ್ನ ಗುಡಿ ಮುಚ್ಚಿರುತ್ತೆ, ಸಂಜೆ ಹೊತ್ತಿಗೆ ಹೋದ್ರೆ ಪೂಜೇನೂ ಸಿಗುತ್ತೆ. ಆಮೇಲೆ ತುಂಗಭದ್ರೆ ದಂಡೆಗೆ ಹೋಗಿ ಬನ್ರಿ, ಫೆಬ್ರವರೀಲಿ ನೀರು ಕಡಿಮೆ ಇರುತ್ತೆ.

ವಾಪಸ್ ಬರ್ತಾ ಏಳು ಗಂಟೆಗೆ ದಾವಣಗೆರೆ, ಅಷ್ಟೊತ್ತಿಗೆ ಹೋಳಿಗೆ ಕರಗಿ ಹಸಿವಾಗಿರುತ್ತೆ. ಯಾವ ಹೋಟ್ಲು ಅಂತ ಕೇಳಬೇಡ್ರಿ, ದಾವಣಗೆರೇಲಿ ಎರಡು ಜನ ಸೇರಿದ್ರೆ ಅದಕ್ಕೇ ಜಗಳ. ಚಿಕ್ಕದಾಗಿರಬೇಕು, ಸೌದೆ ಒಲೆ ಇದ್ರೆ ಒಳ್ಳೇದು, ಹಂಚಿನ ಪಕ್ಕ ಬೆಣ್ಣೆ ಕಣ್ಣಿಗೆ ಕಾಣಬೇಕು, ಸಾಂಬಾರ್ ಕೊಡ್ತೀವಿ ಅಂದ್ರೆ ಎದ್ದು ಬನ್ರಿ. ಬೆಣ್ಣೆ ದೋಸೆ ಜೊತೆ ತೆಳ್ಳಗಿನ ಕಾಯಿ ಚಟ್ನಿ ಮತ್ತೆ ಆಲೂಗಡ್ಡೆ ಪಲ್ಯ, ಅಷ್ಟೇ. ಮಗನಿಗೆ ಖಾಲಿ ದೋಸೆ ಹೇಳ್ರಿ, ಅದು ಮೆತ್ತಗಿರುತ್ತೆ. ಕೆಲವು ಹಳೇ ದೋಸೆ ಹೋಟ್ಲು ಸಂಜೆ ಬೇಗ ಹಂಚು ಇಳಿಸ್ತಾರೆ, ಅದಕ್ಕೆ ಹರಿಹರದಲ್ಲಿ ಲೇಟ್ ಮಾಡಬೇಡ್ರಿ. ಒಂಬತ್ತೂವರೆ ಒಳಗೆ ದುರ್ಗದಲ್ಲಿ ಇರ್ತೀರಿ. ಮದುವೆ ಮನೆಯೋರು ಬಿಡಲ್ಲ ಅಂದ್ರೆ ಈ ಟ್ರಿಪ್ಪೇ ಕ್ಯಾನ್ಸಲ್, ಬೆಣ್ಣೆ ದೋಸೆ ದುರ್ಗದಲ್ಲೂ ಸಿಗುತ್ತೆ, ದಾವಣಗೆರೆಯೋರ ಮುಂದೆ ಮಾತ್ರ ಹೇಳಬೇಡ್ರಿ.

ಸೋಮವಾರ ನಿಮಗೆ ಲಾಟರಿ. ಯಜಮಾನ್ರು ವಾಣಿವಿಲಾಸ ಸಾಗರವನ್ನ ಒಂದು ಬೇರೆ ಟ್ರಿಪ್ ಅಂತ ಬರೆದಿದಾರೆ, ಅದು ನಿಮ್ಮ ವಾಪಸ್ ದಾರೀಲೇ ಐತಲ್ಲ ಮೇಡಂ. ದುರ್ಗದಿಂದ ಹಿರಿಯೂರು, ಅಲ್ಲಿಂದ ಹುಳಿಯಾರು, ಕೆ.ಬಿ. ಕ್ರಾಸ್, ನಾಗಮಂಗಲ, ಶ್ರೀರಂಗಪಟ್ಟಣ ಅಂತ ಮೈಸೂರಿಗೆ ಹೋಗೋ ದಾರಿ ಹಿಡೀರಿ, ಹಿರಿಯೂರಿಂದ ಇಪ್ಪತ್ತು ಕಿಲೋಮೀಟರ್ ಒಳಗೆ ಡ್ಯಾಮ್. ಬೆಳಿಗ್ಗೆ ಏಳೂವರೆಗೆ ರೂಮ್ ಖಾಲಿ ಮಾಡಿಬಿಡ್ರಿ.

ಡ್ಯಾಮಿಗೆ ಮುಂಚೆ ಒಂದು ನಿಮ್ಮ ಲಿಸ್ಟಲ್ಲಿ ಇಲ್ಲದ್ದು ಸೇರಿಸ್ತೀನಿ, ಇಷ್ಟು ಕಿತ್ತು ಹಾಕಿದೀನಲ್ಲ ಅದಕ್ಕೆ. ಹಿರಿಯೂರು ಕಡೆ ಹೋಗೋವಾಗ ಐಮಂಗಲದ ಆಸುಪಾಸು ಹೈವೇಯಿಂದ ಸ್ವಲ್ಪ ಒಳಗೆ ಮರಡಿಹಳ್ಳಿ ಅಂತ ಐತೆ. ಅಲ್ಲಿ ಪಿಲ್ಲೋ ಲಾವಾ. ಸುಮಾರು 250 ಕೋಟಿ ವರ್ಷದ ಹಿಂದೆ ಈ ಜಾಗ ಸಮುದ್ರದ ತಳ, ಕೆಳಗಿಂದ ಲಾವಾ ಉಕ್ಕಿ ನೀರಿಗೆ ತಾಗಿದ ತಕ್ಷಣ ಮೇಲ್ಮೈ ಗಟ್ಟಿಯಾಗಿ ದಿಂಬಿನ ಆಕಾರ ಆಗಿ ಒಂದರ ಮೇಲೊಂದು ಬಿದ್ದಿದ್ದು ಹಂಗೇ ಕಲ್ಲಾಗೈತೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯೋರು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದಾರೆ. ಟೂರಿಸ್ಟ್ ಜಾಗದ ಥರ ಏನೂ ಇಲ್ಲ, ಅಂಗಡಿ ಇಲ್ಲ ಟಾಯ್ಲೆಟ್ ಇಲ್ಲ, ಬರೀ ಗುಡ್ಡದ ಮೇಲೆ ಕಪ್ಪು ಹಸಿರು ಬಂಡೆ. ಅರ್ಧ ಗಂಟೆ ಸಾಕು. ಈ ಬರದ ನೆಲದಲ್ಲಿ ನಿಂತು ಮಗಳಿಗೆ ಇದು ಸಮುದ್ರ ಆಗಿತ್ತು ಅಂತ ಹೇಳಿ ನೋಡ್ರಿ, ಮೊದಲು ನಂಬಲ್ಲ. ಕಲ್ಲು ಕೆತ್ತೋದು, ತುಂಡು ಮನೆಗೆ ತರೋದು ಮಾಡಬೇಡ್ರಿ.

ವಾಣಿವಿಲಾಸ ಸಾಗರ, ನಾವು ಮಾರಿಕಣಿವೆ ಅಂತಾನೇ ಅನ್ನೋದು, ವೇದಾವತಿ ನದಿಗೆ ಎರಡು ಗುಡ್ಡದ ಸಂದಿಯಲ್ಲಿ ಕಟ್ಟೆ ಹಾಕಿದ್ದು, ನಿಮ್ಮ ಮೈಸೂರು ಅರಸರೇ ಕಟ್ಟಿಸಿದ್ದು, 1907ರಲ್ಲಿ ಮುಗೀತು. ಕನ್ನಂಬಾಡಿಗಿಂತ ಹಳೇದು. ಪೂರ್ತಿ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದಿದ್ದು 2022ರಲ್ಲೇ. ಎಂಬತ್ತೊಂಬತ್ತು ವರ್ಷ! ಅವತ್ತು ನಮ್ಮ ಜಿಲ್ಲೇಲಿ ಟ್ರ್ಯಾಕ್ಟರ್ ಮಾಡ್ಕಂಡು ಮುದುಕರು ತದುಕರೆಲ್ಲ ಕೋಡಿ ನೋಡಕ್ಕೆ ಹೋದ್ರು, ಕೆಲವರು ನೀರು ಮುಟ್ಟಿ ಕಣ್ಣಿಗೊತ್ಕಂಡ್ರು. ಈಗ ನೀವು ಹೋದಾಗ ಎಷ್ಟಿರುತ್ತೋ ಅಷ್ಟಿರುತ್ತೆ. ಕಣಿವೆ ಮಾರಮ್ಮನ ಗುಡಿ ಅಲ್ಲೇ ಐತೆ, ಅತ್ತೆಯವರು ಹಣ್ಣುಕಾಯಿ ಮಾಡಿಸಬಹುದು. ಹತ್ತೂವರೆಗೆ ಅಲ್ಲಿಂದ ಬಿಟ್ರೆ ಊಟ ದಾರೀಲಿ, ಸಂಜೆ ಒಳಗೆ ಮನೆ.

ಇನ್ನು ಸೀರೆ. ಮೊಳಕಾಲ್ಮುರಿಗೇ ಹೋಗಿ ಮಗ್ಗದ ಹತ್ರ ತಗಂಡ್ರೆ ಚೆಂದ, ಆದ್ರೆ ಅದು ಬ್ರಹ್ಮಗಿರಿ ದಾರಿ, ಈ ಸಲ ಆಗಲ್ಲ ಅಂತ ಹೇಳಿದೆ. ದುರ್ಗದ ಅಂಗಡಿಗಳಲ್ಲೂ ಸಿಗುತ್ತೆ. ಅದಕ್ಕೆ ಜಿಐ ಟ್ಯಾಗ್, ಅಂದ್ರೆ ಇದು ಈ ಊರಿನದೇ ಸರಕು ಅನ್ನೋ ಸರ್ಕಾರಿ ಗುರುತು, ಐತೆ, ಹಂಗಂತ ಮೊಳಕಾಲ್ಮುರು ಅಂತ ಹೇಳಿ ಮಾರೋದೆಲ್ಲ ಕೈಮಗ್ಗದ್ದಲ್ಲ, ಪವರ್‌ಲೂಮ್‌ದೂ ಅದೇ ಹೆಸರಲ್ಲಿ ಬರುತ್ತೆ. ಸೀರೆ ಉಲ್ಟಾ ಮಾಡಿ ಬುಟ್ಟಾದ ಹಿಂಭಾಗ ನೋಡ್ರಿ, ಸಿಲ್ಕ್ ಮಾರ್ಕ್ ಜೊತೆ ಹ್ಯಾಂಡ್‌ಲೂಮ್ ಮಾರ್ಕೂ ಐತಾ ಕೇಳ್ರಿ, ಬಿಲ್ಲಲ್ಲಿ ಕೈಮಗ್ಗ ಅಂತ ಬರೆಸ್ಕಳ್ರಿ. ಬರೆಯಕ್ಕೆ ಹಿಂದೆ ಮುಂದೆ ನೋಡಿದ್ರೆ ಆ ಅಂಗಡಿ ಬಿಟ್ಟು ಮುಂದಿನ ಅಂಗಡಿಗೆ ಹೋಗ್ರಿ. ಶನಿವಾರ ಮಧ್ಯಾಹ್ನ ಬಿಸಿಲು ಹೊತ್ತಲ್ಲಿ ಇದನ್ನ ಮುಗಿಸಿದ್ರೆ ಅತ್ತೆಯವರು ಭಾನುವಾರ ಮುಹೂರ್ತಕ್ಕೇ ಉಟ್ಕಬಹುದು, ಫಾಲ್ಸ್ ಒಂದೇ ದಿನದಲ್ಲಿ ಹಾಕಿಕೊಡೋ ಟೈಲರ್ ಯಾರು ಅಂತ ಮದುವೆ ಮನೆಯೋರಿಗೆ ಗೊತ್ತಿರುತ್ತೆ.